ಸಂತೆಯಿಂದ ತಂದ ಕೋಳಿಯ ಹಿಕ್ಕೆ ನೋಡಿ

ನಮ್ಮದು ಬಾಗಲಕೋಟೆ ಜಿಲ್ಲೆ, ಹುನಗುಂದ ತಾಲೂಕು. ಹೊಲದ ಮನೆಯಲ್ಲಿ ಜವಾರಿ ಕೋಳಿ ಸಾಕುತ್ತೇನೆ. ಸಂತೆಯಲ್ಲಿ ಕೊಳ್ಳುತ್ತೇನೆ, ಬೆಳೆಸಿ ಸಂತೆಯಲ್ಲೇ ಮಾರುತ್ತೇನೆ. ‘ಸಂತೆ ಕೋಳಿ ವಾರದೊಳಗೆ ಜಡ್ಡಿಗೆ ಬೀಳುತ್ತೆ’ ಅನ್ನೋ ಮಾತು ನಮ್ಮ ಕಡೆ ಎಲ್ಲರೂ ಆಡುತ್ತಾರೆ. ನೀರು ಬದಲಾಯ್ತು, ದೃಷ್ಟಿ ತಾಗಿತು ಅಂತಾರೆ. ಬಹಳ ಸಲ ಕಾರಣ ಕರುಳಲ್ಲೇ ಇರುತ್ತದೆ.

ಮಾರುವವರ ಬುಟ್ಟಿಯಲ್ಲಿ ನಾಲ್ಕಾರು ಊರಿನ ಕೋಳಿ ಒಟ್ಟಿಗೆ ಕೂತಿರುತ್ತವೆ. ತಳದಲ್ಲಿ ಹಳೆ ಹಿಕ್ಕೆ ಮೆತ್ತಿರುತ್ತದೆ. ರಕ್ತಭೇದಿ ತರುವ ಐಮೇರಿಯಾ ಅನ್ನೋ ಪರಾವಲಂಬಿ ಅದರಲ್ಲಿ ಇದ್ದರೆ, ಕುಕ್ಕಿದ ಕೋಳಿಯ ಹೊಟ್ಟೆಗೆ ಹೋಯಿತು. ಆಮೇಲೆ ನಾಲ್ಕೈದು ದಿನಕ್ಕೆ ಹಿಕ್ಕೆಯಲ್ಲಿ ರಕ್ತ. ಆ ‘ವಾರ’ ಬಂದದ್ದು ಹೀಗೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದ ವಿಷಯ ಒಂದಿದೆ. ಈಗಷ್ಟೇ ಬಿದ್ದ ಹಿಕ್ಕೆಯಿಂದ ರಕ್ತಭೇದಿ ಹತ್ತುವುದಿಲ್ಲ. ಅದರೊಳಗಿನ ಐಮೇರಿಯಾ ಕಣಗಳಿಗೆ ಗಾಳಿ, ತೇವ, ಬಿಸುಪು ಸಿಕ್ಕು ಅವು ಬಲಿಯಬೇಕು. ಅದಕ್ಕೆ ಒಂದೆರಡು ದಿನ ಬೇಕು. ಅಷ್ಟರೊಳಗೆ ಹಿಕ್ಕೆ ತೆಗೆದರೆ ಮುಗೀತಲ್ವಾ? ಅದಕ್ಕೇ ಹೊಸ ಕೋಳಿಗಳನ್ನು ಎರಡು ಮೂರು ವಾರ ಬೇರೆ ಇಡುತ್ತೇನೆ, ನೆಲದಿಂದ ಮೊಣಕಾಲೆತ್ತರದ ತಂತಿ ಜಾಲರಿಯ ಪಂಜರದಲ್ಲಿ. ಹಿಕ್ಕೆ ಕೆಳಗೆ ಹಾಸಿದ ಗೋಣಿ ಮೇಲೆ ಬೀಳುತ್ತದೆ. ದಿನಾ ಬೆಳಿಗ್ಗೆ ಎತ್ತಿ ದೂರದ ತಿಪ್ಪೆಗೆ ಹಾಕಿ ಮುಚ್ಚುತ್ತೇನೆ. ಫಿನಾಯಿಲ್ ಸುರಿದು ಸುಮ್ನೆ ಸಮಾಧಾನ ಮಾಡ್ಕೋಬೇಡಿ. ಆ ಕಣಗಳ ಚಿಪ್ಪು ಗಟ್ಟಿ, ಅದಕ್ಕೆ ಬಗ್ಗುವುದಿಲ್ಲ. ಕುದಿಯುವ ನೀರು, ಬೆಂಕಿ, ನಮ್ಮ ಏಪ್ರಿಲ್-ಮೇ ತಿಂಗಳ ಒಣ ಬಿಸಿಲು, ಇವಕ್ಕೆ ಬಗ್ಗುತ್ತವೆ.

ಗೋಣಿ ಎತ್ತುವ ಮುಂಚೆ ಕೂತು ನೋಡಿ. ಕಂದು ಬಣ್ಣದ ಅಂಟಂಟು ಹಿಕ್ಕೆ ಆಗಾಗ ಬೀಳುವುದು ಸಹಜ, ಅದಕ್ಕೆ ಹೆದರಬೇಡಿ. ಕೆಂಪು ರಕ್ತ ಕಂಡರೆ ಮಾತ್ರ ತಡ ಮಾಡಬೇಡಿ. ಅಕ್ಕಿ ಕಾಳಿನಂಥ ಬಿಳಿ ತುಣುಕು ಕಂಡರೆ ಅದು ಲಾಡಿಹುಳು. ಅದನ್ನು ಹೊತ್ತು ತರುವುದು ಇರುವೆ, ನೊಣ, ಜೀರುಂಡೆ. ತಿಪ್ಪೆ ದೂರ ಇರಲಿ ಅನ್ನುವುದು ಅದಕ್ಕೂ ಸೇರಿ.

ಏನೂ ಕಾಣದಿದ್ದರೂ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ತುಂಬಿ ಪಶು ಆಸ್ಪತ್ರೆಗೆ ಒಯ್ಯುತ್ತೇನೆ, ಯಾಕಂದ್ರೆ ಗಟ್ಟಿಮುಟ್ಟಾಗಿ ಕಾಣುವ ಹುಂಜವೂ ಹುಳುವಿನ ಮೊಟ್ಟೆ ಉದುರಿಸುತ್ತಿರುತ್ತದೆ. ಪರೀಕ್ಷೆ ಸರಳ. ಇನ್ನು ಕರಗದು ಅನ್ನುವಷ್ಟು ಉಪ್ಪು ಹಾಕಿದ ನೀರಿನಲ್ಲಿ ಹಿಕ್ಕೆ ಕದಡಿ ಸೋಸುತ್ತಾರೆ. ಗಾಜಿನ ಕೊಳವೆಯ ಬಾಯಿವರೆಗೂ ತುಂಬಿ ಮೇಲೆ ತೆಳು ಗಾಜು ಇಡುತ್ತಾರೆ. ಮೊಟ್ಟೆಗಳು ಉಪ್ಪುನೀರಿಗಿಂತ ಹಗುರ. ಕಾಲು ಗಂಟೆಯಲ್ಲಿ ತೇಲಿ ಬಂದು ಗಾಜಿಗೆ ಅಂಟುತ್ತವೆ. ಸೂಕ್ಷ್ಮದರ್ಶಕದಲ್ಲಿ ನಾನೂ ನೋಡಿದ್ದೇನೆ: ಜಂತುಹುಳುವಿನ ಮೊಟ್ಟೆ ದಪ್ಪ ಚಿಪ್ಪಿನದು, ಉದ್ದುದ್ದ. ಐಮೇರಿಯಾದ್ದು ಅದಕ್ಕಿಂತ ಚಿಕ್ಕದು.

ಕೋಳಿ ಸತ್ತರೆ ಎಸೆಯುವ ಮುಂಚೆ ಕೈಗೆ ಚೀಲ ಹಾಕಿಕೊಂಡು ಕರುಳು ಬಿಚ್ಚಿ ನೋಡುತ್ತೇನೆ. ಸಣ್ಣಕರುಳು ಮುಗಿಯುವ ಕಡೆ ಕುರುಡು ಚೀಲ, ಅಂದರೆ ಒಂದು ತುದಿ ಮುಚ್ಚಿದ ಚೀಲ, ಎರಡು ಇರುತ್ತವೆ. ಅವು ರಕ್ತ ತುಂಬಿ ಊದಿದ್ದರೆ ರಕ್ತಭೇದಿಯ ಗುರುತು. ಸಣ್ಣಕರುಳಲ್ಲಿ ಬೆರಳುದ್ದದ ಬಿಳಿ ಹುಳು ಇದ್ದರೆ ಜಂತು. ಆಮೇಲೆ ಆಳವಾಗಿ ಹೂಳುತ್ತೇನೆ.

ಔಷಧಿ ವೈದ್ಯರು ಹೇಳಿದ್ದೇ. ರಕ್ತಭೇದಿಗೆ ನಮ್ಮಲ್ಲಿ ಆಂಪ್ರೋಲಿಯಂ ಕುಡಿಯುವ ನೀರಿನಲ್ಲಿ ಕೊಟ್ಟರು. ಅದನ್ನು ಕೊಡುವಾಗ ಬಿ-1 ವಿಟಮಿನ್ ಇರುವ ಟಾನಿಕ್ ಬೇಡ, ಔಷಧಿಯ ಬಲ ಕುಗ್ಗುತ್ತದೆ. ಪಿಪರಜಿನ್ ಜಂತುಹುಳುವಿಗೆ ಸರಿ, ಲಾಡಿಹುಳುವಿಗೆ ನಾಟುವುದಿಲ್ಲ. ಯಾವ ಹುಳು ಅಂತ ತಿಳಿಯದೆ ಅಂಗಡಿಯಿಂದ ಡಬ್ಬಿ ತಂದು ಕುಡಿಸಿದರೆ ದುಡ್ಡು ದಂಡ.

ಚೀಟಿಯ ಮೇಲೆ ಬರೆದಷ್ಟು ದಿನ ಕಳೆಯುವವರೆಗೆ ಔಷಧಿ ಕುಡಿದ ಕೋಳಿಯನ್ನು ನಾನು ಮಾರುವುದಿಲ್ಲ, ಮೊಟ್ಟೆಯನ್ನೂ ಕೊಡುವುದಿಲ್ಲ, ಎಷ್ಟೇ ದೊಡ್ಡ ಹಬ್ಬದ ಸಂತೆ ಇರಲಿ. ಸಾಕಲು ಒಯ್ಯುವವರಿಗೆ ಮಾತ್ರ ಕೋಳಿ ಕೈಗೆ ಕೊಡುವಾಗ ಹೇಳುತ್ತೇನೆ: “ಅಕ್ಕಾರ, ಇವನ್ನ ಮನಿ ಮರಿಗಳ ಜೋಡಿ ಇವತ್ತೇ ಬಿಡಬ್ಯಾಡ್ರಿ.”