ಒಂದೇ ತೆನೆಯಲ್ಲಿ ಎರಡು ಬಗೆಯ ಎಣ್ಣೆ

ಕುಸುಬೆ ಎಣ್ಣೆಯ ಮಾದರಿಯಲ್ಲಿ ಓಲಿಯಿಕ್ ಎಂಬ ಕೊಬ್ಬಿನಾಮ್ಲ ಶೇ 40 ಎಂದು ವರದಿ ಬಂದರೆ ನನಗೆ ಮೊದಲು ಹುಟ್ಟುವುದು ಅನುಮಾನ. ಅಣ್ಣಿಗೇರಿಯಿಂದ ಬಂದ ಎ-1 ಸೇರಿದಂತೆ ನಮ್ಮ ಎರೆನೆಲದ ರೂಢಿಯ ತಳಿಗಳಲ್ಲಿ ಲಿನೋಲಿಯಿಕ್ ಎಂಬ ಇನ್ನೊಂದು ಕೊಬ್ಬಿನಾಮ್ಲವೇ ಶೇ 70ಕ್ಕಿಂತ ಹೆಚ್ಚು. ಓಲಿಯಿಕ್ ಶೇ 20ರ ಒಳಗೆ. ಓಲಿಯಿಕ್ ತಳಿಗಳಲ್ಲಿ ಈ ಲೆಕ್ಕ ತಲೆಕೆಳಗು. ನಡುವಿನ ಅಂಕಿ ಬಂದಿತೆಂದರೆ ಬಹಳ ಸಲ ಅದು ಎರಡು ಬಗೆಯ ಬೀಜಗಳ ಬೆರಕೆಯೇ. ಎಲ್ಲವನ್ನೂ ಒಟ್ಟಿಗೆ ಅರೆದ ಎಣ್ಣೆ ಈ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಅದಕ್ಕೇ ನಾನು ಬಿಡಿ ಬಿಡಿ ಬೀಜವನ್ನು ಪರೀಕ್ಷಿಸುವ ದಾರಿ ಹಿಡಿದೆ.

ಓಲಿಯಿಕ್ ಕುಸುಬೆ ಹೊರಗಿನದು ಎಂದು ಭಾವಿಸುವವರಿದ್ದಾರೆ. ಆದರೆ 1957ರಲ್ಲಿ ಅಮೆರಿಕದಲ್ಲಿ ಈ ಗುಣ ಬೆಳಕಿಗೆ ಬಂದದ್ದು ಭಾರತದಿಂದ ಹೋದ ಬೀಜದಲ್ಲಿಯೇ. ಅದರ ಹಿಂದಿರುವುದು ಮುಖ್ಯವಾಗಿ ಒಂದೇ ವಂಶವಾಹಿ, ಅದೂ ಸುಪ್ತ ಗುಣದ್ದು, ಅಂದರೆ ಜೋಡಿಯ ಎರಡೂ ಪ್ರತಿ ಓಲಿಯಿಕ್ ಬಗೆಯದಾಗಿದ್ದರಷ್ಟೇ ಗುಣ ಕಾಣುತ್ತದೆ. ಸಿಪ್ಪೆ ತಾಯಿಗಿಡದ ಭಾಗವಾದ್ದರಿಂದ ಒಂದು ಗಿಡದ ಎಲ್ಲ ಬೀಜಗಳಲ್ಲೂ ಒಂದೇ ತೆರನಾಗಿರುತ್ತದೆ. ಎಣ್ಣೆಯ ಗುಣವನ್ನು ನಿರ್ಧರಿಸುವುದು ಒಳಗಿನ ಭ್ರೂಣ. ಹೀಗಾಗಿ ಮಿಶ್ರ ಜೋಡಿಯನ್ನು ಹೊತ್ತ ಗಿಡ ತನ್ನ ಪರಾಗದಿಂದಲೇ ಕಾಳು ಕಟ್ಟಿದಾಗ ನಾಲ್ಕರಲ್ಲಿ ಸುಮಾರು ಒಂದು ಬೀಜ ಓಲಿಯಿಕ್, ಮಿಕ್ಕವು ಹಳೆಯ ಬಗೆ. ಹೊರಗಿನಿಂದ ನೋಡಿದರೆ ಎಲ್ಲವೂ ಬಿಳಿ ಕಾಳುಗಳೇ.

ಕುಸುಬೆ ಕಾಳಿನ ಚೂಪಾದ ತುದಿಯಲ್ಲಿ ಬೇರುಮೂಲವಿರುತ್ತದೆ. ಅಗಲವಾದ ಕಡೆ ಬೀಜದಳಗಳ ತುದಿ. ಬೀಜ ಮುಂದೆ ಮೊಳೆಯಬೇಕಾದ್ದರಿಂದ ಬೇರುಮೂಲವನ್ನು ಮುಟ್ಟದೆ ಆ ಅಗಲದ ಕಡೆಯಿಂದ ಸಣ್ಣ ಚೂರನ್ನು ಬ್ಲೇಡಿನಿಂದ ತೆಗೆಯುತ್ತೇನೆ. ನೆನೆಸಿದರೆ ಸಿಪ್ಪೆ ಸುಲಭವಾಗಿ ಬಿಡುತ್ತದೆ, ನಿಜ. ಆದರೆ ಎಣ್ಣೆಯನ್ನು ಪರೀಕ್ಷೆಗೆ ಒಗ್ಗುವ ರೂಪಕ್ಕೆ ತರಲು ಮುಂದೆ ಬಳಸುವ ಸೋಡಿಯಂ ಮೆಥಾಕ್ಸೈಡಿಗೆ ನೀರು ಆಗುವುದಿಲ್ಲ. ಆದ್ದರಿಂದ ಒಣ ಬೀಜವನ್ನೇ ಕೊಯ್ಯುವುದು. ಬ್ಲೇಡನ್ನು ಪ್ರತಿ ಬೀಜಕ್ಕೂ ಒರೆಸಲೇಬೇಕು. ಹಿಂದಿನ ಬೀಜದ ಎಣ್ಣೆ ಮುಂದಿನದಕ್ಕೆ ಅಂಟಿದರೆ ಇಲ್ಲದ ನಡುಗುಣ ಕಾಣಿಸುತ್ತದೆ.

ಚೂರನ್ನು ಪುಟ್ಟ ಸೀಸೆಯಲ್ಲಿ ಹೆಕ್ಸೇನ್ ಜತೆ ಜಜ್ಜಿ, ಮೆಥನಾಲಿನಲ್ಲಿ ಕರಗಿಸಿದ ಮೆಥಾಕ್ಸೈಡ್ ಬೆರೆಸಿ, ಮೇಲೆ ನಿಂತ ತಿಳಿಯನ್ನು ಗ್ಯಾಸ್ ಕ್ರೊಮಟೋಗ್ರಾಫಿಗೆ, ಅಂದರೆ ಕೊಬ್ಬಿನಾಮ್ಲಗಳನ್ನು ಬೇರ್ಪಡಿಸಿ ಒಂದೊಂದನ್ನೂ ಒಂದೊಂದು ಗೆರೆಯಾಗಿ ತೋರಿಸುವ ಯಂತ್ರಕ್ಕೆ, ಹಾಕುತ್ತೇನೆ. ಪಾಮಿಟಿಕ್, ಸ್ಟಿಯರಿಕ್ ಕಿರುಗೆರೆಗಳು ದಾಟಿದ ಮೇಲೆ ಓಲಿಯಿಕ್, ಅದರ ಬೆನ್ನಿಗೆ ಲಿನೋಲಿಯಿಕ್. ಇವೆರಡರಲ್ಲಿ ಯಾವುದು ಎತ್ತರ ಎಂಬುದಷ್ಟೇ ನನಗೆ ಬೇಕಾದದ್ದು. ಲಿನೋಲಿಯಿಕ್ ಗೆರೆ ಗಿಡ್ಡವಾಗಿ ನಿಂತ ದಿನ ಊಟ ರುಚಿಸುತ್ತದೆ.

ಓಲಿಯಿಕ್ ಎಂದು ಕಂಡ ಪ್ರತಿ ಬೀಜದ ಉಳಿದ ಮುಕ್ಕಾಲು ಭಾಗವನ್ನು ಶಿಲೀಂಧ್ರನಾಶಕದ ಪುಡಿಯಲ್ಲಿ ಹೊರಳಿಸಿ ಒದ್ದೆ ಕಾಗದದ ಮೇಲಿಡಬೇಕು. ಕೊಯ್ದ ಬಾಯಿಗೆ ಬೂಸ್ಟು ಹತ್ತುವುದು ಬೇಗ. ತಾಯಿಬೇರು ನೀಳವಾಗಿ ಇಳಿಯುವ ಬೆಳೆ ಇದು, ಕಿತ್ತು ನೆಟ್ಟರೆ ಸೊರಗುತ್ತದೆ. ಮೊಳಕೆ ಕಂಡ ಕೂಡಲೇ ಆಳದ ಚೀಲಕ್ಕೆ ದಾಟಿಸುವುದು ಲೇಸು. ಹೂ ಬಿಡುವ ಮುನ್ನ ತೆನೆಗೆ ಬಟ್ಟೆ ಚೀಲ ಕಟ್ಟುತ್ತೇನೆ. ಕುಸುಬೆ ಹೆಚ್ಚಾಗಿ ಸ್ವಪರಾಗದ ಬೆಳೆಯೇ ಆದರೂ ಜೇನುಹುಳು ಕೇಳಬೇಕಲ್ಲ. ಚೀಲ ಕಟ್ಟುವವರ ಕೈ ಮುಳ್ಳಿನಿಂದ ಏನಾಗುತ್ತದೆ ಎಂಬುದನ್ನು ಕುಸುಬೆ ಕೊಯ್ದವರಿಗೆ ವಿವರಿಸಬೇಕಿಲ್ಲ. ಮುಂದಿನ ಪೀಳಿಗೆಯಲ್ಲಿ ಮತ್ತೆ ಕೆಲವು ಬೀಜ ಕೊಯ್ದು ನೋಡಿದ ಮೇಲೆಯೇ ಶುದ್ಧ ಎನ್ನುವುದು.

ಇಷ್ಟೆಲ್ಲ ಏಕೆಂದರೆ, ಲಿನೋಲಿಯಿಕ್ ಎಣ್ಣೆ ಗಾಳಿಗೆ ಬೇಗ ಕೆಡುತ್ತದೆ. ಕರಿದ ಬಾಣಲೆಯ ಅಂಚಿನಲ್ಲಿ ಉಜ್ಜಿದರೂ ಹೋಗದ ಹಳದಿ ಅಂಟು ಅದರದೇ ಕೆಲಸ. ಅದೇ ಗುಣಕ್ಕೆ ಬಣ್ಣ ತಯಾರಿಸುವವರಿಗೆ ಅದು ಬೇಕು. ಕರಿಯಲು ಓಲಿಯಿಕ್ ಎಣ್ಣೆ ಹೆಚ್ಚು ಬಾಳಿಕೆಯದು. ನಾನು ಬಲ್ಲ ಗಾಣಗಳಲ್ಲಿ ಎರಡಕ್ಕೂ ಒಂದೇ ದರ, ಎರಡೂ ಒಂದೇ ಡಬ್ಬಕ್ಕೆ.

ಕ್ರೊಮಟೋಗ್ರಾಫ್ ಇಲ್ಲದ ಕಡೆ, ಎಣ್ಣೆಯಲ್ಲಿ ಬೆಳಕು ಎಷ್ಟು ಬಾಗುತ್ತದೆ ಎಂದು ಅಳೆಯುವ ವಕ್ರೀಭವನ ಮಾಪಕ ಸಾಕು. ಓಲಿಯಿಕ್ ಎಣ್ಣೆಯ ಸೂಚ್ಯಂಕ ದಶಮಾಂಶದ ಮೂರನೆಯ ಸ್ಥಾನದಲ್ಲಿ ಕೆಳಗಿರುತ್ತದೆ. ತಾಪಮಾನ ಒಂದೇ ಇರುವಂತೆ ನೋಡಿಕೊಂಡರೆ ವ್ಯತ್ಯಾಸ ಸ್ಪಷ್ಟ. ಆ ಓದು ಎರಡರ ನಡುವೆ ನಿಂತ ಮೂಟೆಗಳಿಂದ ಮಾತ್ರ ಬೀಜ ಆರಿಸಿ ಬ್ಲೇಡಿಗೆ ಒಡ್ಡುತ್ತೇನೆ.