ಜೇಬುಚಾಕುವಿನ ಹಿಡಿ: ಮೂಳೆ, ಕೊಂಬು ಮತ್ತು ಇತರ ವಸ್ತುಗಳೊಂದಿಗೆ ನನ್ನ ಅನುಭವ

ಹಳೆಯ ಮಾದರಿಯ ಮಡಚುವ ಜೇಬುಚಾಕುಗಳಿಗೆ ಹೊಸ ಹಿಡಿ ಕೂರಿಸುವುದು ನನ್ನ ಬಹುಕಾಲದ ಹವ್ಯಾಸ. ಇಂಥ ಚಾಕುವಿನ ಹಿಡಿಯೆಂದರೆ ಹಿತ್ತಾಳೆಯ ಎರಡು ತಗಡುಗಳ ಹೊರಮೈಗೆ ಸಣ್ಣ ಪಿನ್ನುಗಳಿಂದ ಬಡಿದು ನಿಲ್ಲಿಸಿದ ಎರಡು ತೆಳು ಪಟ್ಟಿಗಳು. ಹಾಗಾಗಿ ಯಾವ ವಸ್ತುವನ್ನು ಆರಿಸುವಾಗಲೂ, ತೇವಕ್ಕೆ ಅದು ಎಷ್ಟು ಹಿಗ್ಗಿ ಕುಗ್ಗುತ್ತದೆ, ಸುತ್ತಿಗೆಯ ಪೆಟ್ಟನ್ನು ಎಷ್ಟು ತಾಳುತ್ತದೆ ಎಂಬುದನ್ನು ನೋಡಿದ ಮೇಲೆಯೇ ಬಣ್ಣ, ಹೊಳಪುಗಳ ಕಡೆಗೆ ಗಮನ ಕೊಡುತ್ತೇನೆ.

ನನ್ನ ಕೈಗೆ ಚೆನ್ನಾಗಿ ಒಗ್ಗಿರುವುದು ದನದ ಕಾಲಿನ ಮೂಳೆ. ಅದರೊಳಗಿನ ಜಿಡ್ಡು ಪೂರ್ತಿ ಹೋಗದಿದ್ದರೆ ಅಂಟು ಹಿಡಿಯುವುದಿಲ್ಲ, ಮುಂದೆ ಹಳದಿ ಕಲೆಗಳೂ ಮೂಡುತ್ತವೆ. ಅದಕ್ಕಾಗಿ ಸೋಪಿನ ನೀರಿನಲ್ಲಿ ನೆನೆಸಿಟ್ಟು, ಒಣಗಿಸಿ, ಆಮೇಲೆ ಅಸಿಟೋನಿನಲ್ಲಿ ಇಡುತ್ತೇನೆ. ಕುದಿಸುವವರೂ ಇದ್ದಾರೆ, ಆದರೆ ಹೆಚ್ಚು ಕುದಿಸಿದ ಮೂಳೆ ಪೆಡಸಾಗುತ್ತದೆ. ನಿಜವಾದ ಪರೀಕ್ಷೆ ಪಿನ್ನು ಬಡಿಯುವಾಗ. ರಂಧ್ರವನ್ನು ಪಿನ್ನಿಗಿಂತ ಕೂದಲೆಳೆಯಷ್ಟು ದೊಡ್ಡದಾಗಿ ಕೊರೆದು, ಅದರ ಬಾಯನ್ನು ಸ್ವಲ್ಪ ಅಗಲಿಸಿಕೊಳ್ಳುತ್ತೇನೆ; ಆಗ ಹಗುರ ಸುತ್ತಿಗೆಯಿಂದ ಅಂಚಿನ ಸುತ್ತ ಮೆಲ್ಲಗೆ ತಟ್ಟುತ್ತಾ ಹೋದಂತೆ ಪಿನ್ನಿನ ತಲೆ ಆ ಬಾಯೊಳಗೆ ಹರಡಿಕೊಳ್ಳುತ್ತದೆ. ರಂಧ್ರ ಬಿಗಿಯಾಗಿದ್ದರೆ, ಲೋಹ ಉಬ್ಬಿ ಪಕ್ಕಕ್ಕೆ ಒತ್ತಿ, ಮೂಳೆ ಎಳೆಯ ಉದ್ದಕ್ಕೂ ಸೀಳುತ್ತದೆ. ಮೂಳೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲವಾದ್ದರಿಂದ ಮುಖಗವಸು ಇಲ್ಲದೆ ಅರ ಹಿಡಿಯುವುದಿಲ್ಲ.

ಎಮ್ಮೆಯ ಕೊಂಬಿನ ಸ್ವಭಾವವೇ ಬೇರೆ. ಉಗುರಿನಂತೆ ಅದೂ ಕೆರಾಟಿನ್. ಬಿಸಿ ತಾಗಿದರೆ ಮೆದುವಾಗಿ, ಹಲಗೆಗಳ ನಡುವೆ ಒತ್ತಿದರೆ ಚಪ್ಪಟೆಯಾಗುತ್ತದೆ. ಆದರೆ ಹಳೆಯ ಬಾಗನ್ನು ಅದು ಸುಲಭವಾಗಿ ಮರೆಯುವುದಿಲ್ಲ. ಪೂರ್ತಿ ತಣಿಯುವವರೆಗೂ ಒತ್ತಡದಲ್ಲೇ ಇಟ್ಟು, ಬಿಡಿಸಿದ ಮೇಲೆ ಕೆಲವು ವಾರ ಹಾಗೆಯೇ ಬಿಟ್ಟು, ಇನ್ನು ಮಿಸುಕುವುದಿಲ್ಲ ಎನಿಸಿದ ಮೇಲಷ್ಟೇ ತಗಡಿಗೆ ಹೊಂದಿಸುತ್ತೇನೆ. ಒಣಹವೆಯಲ್ಲಿ ಅದು ಕುಗ್ಗಿ ಅಂಚು ಮೇಲೇಳದಂತೆ ಆಗಾಗ ತೆಳುವಾಗಿ ಎಣ್ಣೆ ಸವರುವುದೂ ಅಗತ್ಯ. ಇಷ್ಟೆಲ್ಲ ಉಪಚಾರ ಬೇಡಿದರೂ, ಹೊಳಪು ಕೊಟ್ಟ ಕಪ್ಪು ಕೊಂಬಿನ ಆಳ ಬೇರೆ ವಸ್ತುವಿಗೆ ಬರುವುದಿಲ್ಲವೆಂದು ನನ್ನ ಅಭಿಪ್ರಾಯ.

ಜಿಂಕೆಯ ಕವಲುಗೊಂಬನ್ನು ಇದರೊಡನೆ ಬೆರೆಸಬಾರದು. ಅದು ಮೂಳೆಯ ಜಾತಿ. ಅದರ ಒರಟು ತೊಗಟೆ ಒದ್ದೆ ಕೈಗೂ ಹಿಡಿತ ಕೊಡುತ್ತದೆ, ಆದರೆ ಒಳಭಾಗ ಸ್ಪಂಜಿನಂತಿರುವುದರಿಂದ ಪಟ್ಟಿಯನ್ನು ಬೇಕಾದಷ್ಟು ದಪ್ಪಕ್ಕೆ ಕೊಯ್ಯಲಾಗದು. ಮುತ್ತಿನ ಚಿಪ್ಪನ್ನು ನೀರು ಹಾಯಿಸಿಕೊಂಡೇ ಉಜ್ಜುತ್ತೇನೆ. ಎಬೊನಿಯಂಥ ಗಟ್ಟಿ ಮರ ಚೆನ್ನಾಗಿ ಒಣಗಿದ್ದರೆ ತಕರಾರಿಲ್ಲ. ಬಟ್ಟೆ ಅಥವಾ ಕಾಗದದ ಪದರಗಳನ್ನು ರಾಳದಲ್ಲಿ ಅದುಮಿ ಮಾಡಿದ ಮೈಕಾರ್ಟಾ ಎಲ್ಲಕ್ಕಿಂತ ಸುಲಭ. ಹಿಗ್ಗದು, ಪೆಟ್ಟಿಗೆ ಸೀಳುವುದೂ ಅಪರೂಪ. ದಿನವೂ ಬಳಸುವ ಚಾಕುವಿಗೆ ಅದನ್ನೇ ಹಾಕುತ್ತೇನೆ.

ಹಳೆಯ ಕಾಲದ ಪ್ಲಾಸ್ಟಿಕ್ ಆದ ಸೆಲ್ಯುಲಾಯ್ಡನ್ನು ಮಾತ್ರ ಹೊಸದಾಗಿ ಕೂರಿಸುವುದಿಲ್ಲ. ಬೇಗ ಬೆಂಕಿ ಹತ್ತಿಕೊಳ್ಳುವ ಈ ವಸ್ತು ಹಳತಾದಂತೆ ಕುಗ್ಗಿ ಬಿರಿಯುವುದಲ್ಲದೆ, ಹೊರಬಿಡುವ ಆಮ್ಲದ ಆವಿಯಿಂದ ಅಲಗಿಗೂ ತುಕ್ಕು ಹಿಡಿಸುತ್ತದೆ. ಆ ಆವಿ ಪಕ್ಕದ ಚಾಕುಗಳನ್ನೂ ಕೆಡಿಸುವುದರಿಂದ, ಸೆಲ್ಯುಲಾಯ್ಡ್ ಹಿಡಿಯ ಹಳೆಯ ಚಾಕುಗಳನ್ನು ಮುಚ್ಚಿದ ಡಬ್ಬಿಯಲ್ಲಿಡದೆ, ಗಾಳಿಯಾಡುವ ಬೇರೆ ತಟ್ಟೆಯಲ್ಲಿ ಇಟ್ಟಿದ್ದೇನೆ.