ಪುಸ್ತಕ ಕಪಾಟಿನಲ್ಲಿದೆ, ಕಂಪ್ಯೂಟರ್ ಇಲ್ಲ ಅನ್ನುತ್ತೆ

ದಾವಣಗೆರೆಯ ಒಂದು ಕಾಲೇಜಿನಲ್ಲಿ ನಾನು ಲೈಬ್ರರಿಯನ್. ಜಗಳೂರು ಕಡೆಯ ಒಬ್ಬ ಹುಡುಗಿ ಒಮ್ಮೆ ಬಂದು "ಸರ್, ಅಕ್ಕಮಹಾದೇವಿ ವಚನ ಇಲ್ವಂತೆ, ಕಂಪ್ಯೂಟರ್ ತೋರಿಸ್ತಿಲ್ಲ" ಅಂದಳು. ಕನ್ನಡ ಸಾಹಿತ್ಯ ಇಡುವ 894.814ನೇ ಸಂಖ್ಯೆಯ ಕಪಾಟಿಗೆ ಕರೆದುಕೊಂಡು ಹೋದೆ. ನಾಲ್ಕು ಪ್ರತಿ ಇದ್ದವು, ಮೇಲೆ ಧೂಳು. ಹೊಟ್ಟೆ ಉರಿದುಹೋಯಿತು. ಇವಳು ಬಂದು ಕೇಳಿದಳು, ಕೇಳದೆ ಸುಮ್ನೆ ವಾಪಸ್ ಹೋದವರು ಎಷ್ಟು ಜನವೋ.

ಆಗಷ್ಟೇ ಕಾರ್ಡ್ ಡಬ್ಬಿಗಳನ್ನು ಎತ್ತಿಟ್ಟು ಕೋಹಾಗೆ ಬಂದಿದ್ದೆವು. ಅದು ಲೈಬ್ರರಿಯ ಪುಸ್ತಕಪಟ್ಟಿ ನೋಡಿಕೊಳ್ಳುವ ಉಚಿತ ತಂತ್ರಾಂಶ, ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ದಲ್ಲಿ ಬಳಕೆಗೆ ಬಂದದ್ದು. ತಪ್ಪು ಅದರದ್ದಲ್ಲ. ನಮ್ಮ ಹಳೇ ಪಟ್ಟಿ ನುಡಿ ಫಾಂಟಿನಲ್ಲಿತ್ತು. ಆಗಿನ ಆ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಮೊಬೈಲಿನಲ್ಲಿ ಯೂನಿಕೋಡ್ ಕನ್ನಡ, ಅಂದರೆ ಕಂಪ್ಯೂಟರಿಗೂ ಕನ್ನಡವೇ ಆಗಿರುವ ಅಕ್ಷರ, ಒತ್ತುವ ಹುಡುಗರಿಗೆ ಅದು ಸಿಗುವುದಾದರೂ ಹೇಗೆ?

ನುಡಿಯಿಂದ ಯೂನಿಕೋಡಿಗೆ ಬದಲಿಸುವ ಕನ್ವರ್ಟರ್‌ನಲ್ಲಿ ಪಟ್ಟಿಯನ್ನು ಹಾಕಿ ತೆಗೆದೆ. ಜಾಸ್ತಿ ಪಾಲು ಸರಿಬಂತು, ಆದರೆ ಅರ್ಕಾವತ್ತು ಇರುವ ಕಡೆಯೆಲ್ಲ ಅಕ್ಷರ ಅದಲುಬದಲು. 'ಧರ್ಮ', 'ಸೂರ್ಯ' ಇಂಥ ಪದ ಇರುವ ಹೆಸರುಗಳನ್ನು ಪುಸ್ತಕ ಕೈಯಲ್ಲಿ ಹಿಡಿದೇ ತಿದ್ದಬೇಕಾಯಿತು. ಒಂದು ಬೇಸಿಗೆ ರಜೆ ಪೂರ್ತಿ ಅದೇ ಕೆಲಸ. ಮಧ್ಯಾಹ್ನ ಫ್ಯಾನಿನ ಗಾಳಿಯೂ ಬಿಸಿ, ಇಬ್ಬರು ಹುಡುಗರು ಜೊತೆಗಿದ್ದದ್ದಕ್ಕೆ ಮುಗಿಯಿತು. ಆಮೇಲೂ ಕೆಲವು ಪದ ಹುಡುಕಿದರೆ ಬರುತ್ತಿರಲಿಲ್ಲ. ಕೊನೆಗೆ ಗೊತ್ತಾದದ್ದು, ಕೋಹಾದಲ್ಲಿ ಪದ ಹುಡುಕಿಕೊಡುವ ಜೀಬ್ರಾ ಇಂಡೆಕ್ಸ್ ಕನ್ನಡದಂಥ ಲಿಪಿಗೆ 'ಐಸಿಯು' ಸೆಟ್ಟಿಂಗಿನಲ್ಲಿರಬೇಕು, ನಮ್ಮದು 'ಸಿಎಚ್‌ಆರ್'ನಲ್ಲಿತ್ತು. ಬದಲಿಸಿ ಇಂಡೆಕ್ಸ್ ಹೊಸದಾಗಿ ಕಟ್ಟಿಸಿದ ಮೇಲೆ ಸರಿಹೋಯಿತು. ನೀವು ಕೋಹಾ ಹಾಕಿಸುವವರಾದರೆ ಇದನ್ನು ಮೊದಲ ದಿನವೇ ನೋಡಿಕೊಳ್ಳಿ.

ಇನ್ನೊಂದು ವಿಷಯ. ಕನ್ನಡ ಪುಸ್ತಕವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರು ತುಂಬಾ ಜನ, ಒಬ್ಬೊಬ್ಬರ ಸ್ಪೆಲ್ಲಿಂಗ್ ಒಂದೊಂದು. ಅವರನ್ನು ತಿದ್ದಲು ಹೋಗಲಿಲ್ಲ. ಪ್ರತಿ ಪುಸ್ತಕದ ವಿವರ ತುಂಬುವ ಮಾರ್ಕ್ ದಾಖಲೆಯಲ್ಲಿ ಮುಖ್ಯ ಹೆಸರಿನ 245ನೇ ಕಾಲಮ್ಮಿನಲ್ಲಿ ಕನ್ನಡ ಹೆಸರು, ಬೇರೆ ರೂಪಗಳ 246ರಲ್ಲಿ ಅವರು ಬರೆಯುವ ಎರಡು ಮೂರು ರೀತಿ ಸೇರಿಸಿದೆ.

ಯಾರಿಗೆ ಏನು ಬೇಕು ಅಂತ ನಾವೇ ಊಹಿಸುವುದು ಬೇಡ ಅಂತ ಕಂಪ್ಯೂಟರ್ ಪಕ್ಕ ಒಂದು ನೋಟ್‌ಬುಕ್ ಕಟ್ಟಿಟ್ಟೆ, 'ಹುಡುಕಿ ಸಿಗದೇ ಇದ್ದದ್ದು ಇಲ್ಲಿ ಬರೆಯಿರಿ' ಅಂತ. ಮೊದಲ ಪುಟಗಳಲ್ಲಿ ಪುಸ್ತಕದ ಹೆಸರಿಗಿಂತ ಹೆಚ್ಚಾಗಿ ಇದ್ದದ್ದು ಹಳೇ ಪ್ರಶ್ನೆಪತ್ರಿಕೆ ಮತ್ತು ಚಾರ್ಜಿಂಗ್ ಪ್ಲಗ್. ಪ್ರಶ್ನೆಪತ್ರಿಕೆ ಸ್ಕ್ಯಾನ್ ಮಾಡಿ ಹಾಕಿದೆವು, ಕಿಟಕಿ ಸಾಲಿಗೆ ಪ್ಲಗ್ ಬೋರ್ಡ್ ಬಂತು. ಈಗ ಬೆಳಗ್ಗೆ ಬಾಗಿಲು ತೆರೆಯುವ ಮುಂಚೆಯೇ ಪಿಡಿಒ, ಪೊಲೀಸ್ ಪರೀಕ್ಷೆಗೆ ಓದುವವರು ಮೆಟ್ಟಿಲ ಮೇಲೆ ಕೂತಿರುತ್ತಾರೆ. ನೋಟ್‌ಬುಕ್ಕಿನಲ್ಲಿ ಮೊನ್ನೆ ಯಾರೋ ಬರೆದಿದ್ದಾರೆ, 'ಭಾನುವಾರವೂ ತೆಗೀರಿ ಸರ್'. ಅದಕ್ಕೆ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟಿದ್ದೇನೆ.